ತಾಷ್ಕೆಂಟಿನಲ್ಲೊಂದು ನವನಗರ

ಮಾರ್ಚ್ 17, 2023, ಶುಕ್ರವಾರ

ದಿಲ್ಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ವಿಮಾನದಲ್ಲಿ ಮೂರೇ ತಾಸು. ನಮ್ಮ ಬಾಗಲಕೋಟೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕೂತರೆ ಇದರ ಮೂರು ಪಟ್ಟು ಹೊತ್ತು ಬೇಕು. ಇಳಿದ ಮೇಲೆ ಗಡಿಯಾರವನ್ನು ಅರ್ಧ ತಾಸು ಹಿಂದಕ್ಕೆ ತಿರುಗಿಸಿಕೊಂಡೆ. ಪರದೇಶಕ್ಕೆ ಬಂದದ್ದಕ್ಕೆ ಅಷ್ಟೇ ಗುರುತು.

ಬಂದದ್ದು ಅಣ್ಣನ ಮಗಳು ಪುಟ್ಟಿಯ ದೆಸೆಯಿಂದ. ಇಲ್ಲಿ ಎಂಬಿಬಿಎಸ್ ಮೂರನೇ ವರ್ಷ. "ಜೋಡಿ ಇದ್ದ ಹುಡಿಗ್ಯಾರು ಊರಿಗೆ ಹೋಗ್ಯಾರ, ಮನಿ ಖಾಲಿ ಐತಿ, ಇಲ್ಲಿ ಹೊಸ ವರ್ಷದ ನವ್ರೂಜ್ ಹಬ್ಬ ನೋಡೀಯಂತ ಬಾ ಅತ್ತಿ" ಅಂತ ಎರಡು ತಿಂಗಳಿಂದ ದುಂಬಾಲು ಬಿದ್ದಿದ್ದಳು. ಶಾಲೆಗೆ ರಜೆ ಬರೆದುಕೊಟ್ಟು ಹೊರಟೆ. ಅವ್ವ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ತುರುಕಿದಳು. ಹೋಗುವ ಗಳಿಗೆಯಲ್ಲಿ ಒಂದು ಸಣ್ಣ ಕಾಗದದ ಪೊಟ್ಟಣವನ್ನೂ ಕೈಗಿಟ್ಟಳು. ಹೋದ ವರ್ಷ ಒಣಗಿಸಿಟ್ಟ ಬೇವಿನ ಹೂ. "ಯುಗಾದಿ ದಿನ ನೀವಿಬ್ರೂ ಅಲ್ಲೇ ಇರ್ತೀರಲ್ಲ."

ಟ್ಯಾಕ್ಸಿ ಬಿಳಿ ಷೆವ್ರೊಲೆ. ಹಿಂದೆ ಮುಂದೆ ಹೋಗುವವೂ ಹೆಚ್ಚುಕಡಿಮೆ ಎಲ್ಲ ಬಿಳಿ ಷೆವ್ರೊಲೆ. ಈ ದೇಶದಲ್ಲೇ ತಯಾರಾಗುತ್ತವಂತೆ. ರಸ್ತೆಗಳು ಭಾರಿ ಅಗಲ, ಬದಿಯಲ್ಲಿ ಗಿಡಗಳ ಸಾಲು, ಗಿಡಗಳ ಬುಡದಲ್ಲಿ ಸಣ್ಣ ಕಾಲುವೆ. ನಾವು ಇಳಿದದ್ದು ಚಿಲಾಂಜಾರಿನಲ್ಲಿ. ಬಾರೆಹಣ್ಣಿನ ತೋಪು ಅಂತ ಆ ಹೆಸರಿನ ಅರ್ಥ. ತೋಪಿದ್ದ ಜಾಗದಲ್ಲಿ ಈಗ ಸಾಲಾಗಿ ನಿಂತಿರುವುದು ಸೋವಿಯತ್ ಕಾಲದ ಕಾಂಕ್ರೀಟ್ ಮನೆಗಳು. ನಾಲ್ಕಂತಸ್ತು, ಒಂಬತ್ತಂತಸ್ತು, ಮತ್ತೆ ನಾಲ್ಕಂತಸ್ತು.

"ವಿಳಾಸ ಏನವಾ ನಿಂದು?" ಅಂತ ಕೇಳಿದೆ. ಕ್ವಾರ್ತಾಲ್ (ಅಂದರೆ ಬ್ಲಾಕು) ನಂಬರು, ಕಟ್ಟಡದ ನಂಬರು, ಮನೆ ನಂಬರು ಅಂದಳು. ಬೀದಿಗೆ ಹೆಸರಿಲ್ಲವೇ ಅಂದರೆ, ಇರಬಹುದು, ಯಾರೂ ಹೇಳುವುದಿಲ್ಲ ಅಂದಳು. ನನಗೆ ನಗು ಬಂತು. ನಮ್ಮದೂ ಅದೇ ಕಥೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದ ಮೇಲೆ ನಮಗೆ ಸಿಕ್ಕಿದ್ದು ನವನಗರದ ಸೆಕ್ಟರ್ ನಂಬರು ಮತ್ತು ಪ್ಲಾಟ್ ನಂಬರು. ಇವತ್ತಿಗೂ ಅವ್ವನಿಗೆ ನಮ್ಮ ಸೆಕ್ಟರ್ ನಂಬರು ನೆನಪಿರುವುದಿಲ್ಲ. ಆಟೋದವರಿಗೆ "ನೀರಿನ ಟ್ಯಾಂಕಿನ ಹಂತೇಲಿ" ಅನ್ನುತ್ತಾಳೆ.

ಕಟ್ಟಡಕ್ಕೆ ನಾಲ್ಕು ಬಾಗಿಲು, ಬಾಗಿಲಿಗೊಂದು ಮೆಟ್ಟಿಲಸಾಲು. ಅದಕ್ಕೆ 'ಪದ್ಯೆಜ್ದ್' ಅಂತಾರೆ. "ನಮ್ಮ ಪದ್ಯೆಜ್ದ್‌ನವರು" ಅಂದರೆ ನಮ್ಮ ಓಣಿಯವರು ಅಂದ ಹಾಗೆ. ಒಳಗೆ ಗೋಡೆಯ ಕೆಳಗಿನ ಅರ್ಧಕ್ಕೆ ಹಸಿರು ಎಣ್ಣೆಬಣ್ಣ, ಮೇಲಿನರ್ಧಕ್ಕೆ ಸುಣ್ಣ. ನಮ್ಮ ಸರ್ಕಾರಿ ಆಸ್ಪತ್ರೆಯ ಕಾರಿಡಾರಿಗೆ ಬಂದಂತಾಯಿತು. ಲಿಫ್ಟ್ ಇಲ್ಲ. ಮೂರನೇ ಮಹಡಿಗೆ ಸೂಟ್‌ಕೇಸ್ ಎಳೆಯುತ್ತ ಏರುವಾಗ ಒಂದೊಂದು ಬಾಗಿಲಿನಿಂದ ಒಂದೊಂದು ವಾಸನೆ ಬಂತು: ಜೀರಿಗೆ, ಕರಿದ ಉಳ್ಳಾಗಡ್ಡಿ, ಎಲ್ಲಿಯದೋ ಬೆಕ್ಕು.

ಮಾರ್ಚ್ 18, ಶನಿವಾರ

ಬೆಳಿಗ್ಗೆ ಏಳಕ್ಕೆ ಕೆಳಗಿನಿಂದ ಯಾರೋ ರಾಗ ಎಳೆದು ಕೂಗಿದ್ದಕ್ಕೆ ಎಚ್ಚರವಾಯಿತು. "ಕಿಸ್ಲೋ... ಪ್ರೆಸ್ನೋ... ಮಲಕೋ..." ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದರೆ ಒಬ್ಬ ಹೆಂಗಸು, ಕೈಗಾಡಿಯಲ್ಲಿ ಪ್ಲಾಸ್ಟಿಕ್ ಬಾಟಲಿಗಳು. ಹುಳಿ ಹಾಲು, ಸಿಹಿ ಹಾಲು ಅಂತ ಕೂಗುತ್ತಿದ್ದಾಳೆ, ಅಂದರೆ ಮೊಸರು ಮತ್ತು ಹಾಲು. ರಷ್ಯನ್ ಶಬ್ದ, ಉಜ್ಬೇಕ್ ಬಾಯಿ. ವ್ಯಾಕರಣ ಎರಡೂ ಕಡೆಗೆ ತಪ್ಪಂತೆ, ಆದರೆ ಇಡೀ ಊರಿಗೆ ಗೊತ್ತು. ಎದುರು ಕಟ್ಟಡದ ನಾಲ್ಕನೇ ಮಹಡಿಯಿಂದ ಹಗ್ಗದಲ್ಲಿ ಚೀಲ ಇಳಿಯಿತು, ಬಾಟಲಿ ತುಂಬಿಕೊಂಡು ಮೇಲೆ ಹೋಯಿತು.

ಅರ್ಧ ತಾಸಿನ ಮೇಲೆ ಇನ್ನೊಂದು ದನಿ. "ಶರಾ-ಬರಾ!" ಇದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ದನಿಯಲ್ಲೇ ಹಳೇ ಪೇಪರ್, ಖಾಲಿ ಶೀಶೆ, ಕಬ್ಬಿಣ ತಗಡು ಎಲ್ಲ ಇತ್ತು. ಹಿಂದೆಲ್ಲ ಬಾಟಲಿ ಕೊಟ್ಟರೆ ಮಕ್ಕಳಿಗೆ ಪುಗ್ಗೆ, ಪೀಪಿ ಕೊಡುತ್ತಿದ್ದರಂತೆ. ನಮಗೆ ಬೊಂಬಾಯಿ ಮಿಠಾಯಿ ಸಿಗುತ್ತಿತ್ತು.

ಮನೆಯನ್ನು ಹಗಲಿನಲ್ಲಿ ಸರಿಯಾಗಿ ನೋಡಿದೆ. ಎರಡು ಕೋಣೆ. ಎತ್ತರದ ಆಳು ಕೈ ಮೇಲೆತ್ತಿ ತುದಿಗಾಲಲ್ಲಿ ನಿಂತರೆ ಛತ್ತಿಗೆ ಬೆರಳು ತಾಗುತ್ತದೆ, ಎರಡೂವರೆ ಮೀಟರ್. ಅಡುಗೆಮನೆ ಆರು ಚದರ ಮೀಟರ್ ಇದ್ದರೆ ಹೆಚ್ಚು. ಒಬ್ಬರು ಒಲೆ ಮುಂದೆ ನಿಂತರೆ ಇನ್ನೊಬ್ಬರು ಫ್ರಿಜ್ ತೆಗೆಯುವ ಹಾಗಿಲ್ಲ. ಕಿಟಕಿಯ ಕೆಳಗೆ ಗೋಡೆಯಲ್ಲೇ ಒಂದು ಗೂಡು, ಹೊರಗಿನ ಗೋಡೆ ಅಲ್ಲಿ ತೆಳು. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲಕ್ಕೆ ಅದೇ ಫ್ರಿಜ್. ಇನ್ನೊಂದು ವಿಚಿತ್ರವೆಂದರೆ ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಟಕಿ. ಯಾಕೆ ಅಂತ ಆಮೇಲೆ ಮೂವರನ್ನು ಕೇಳಿದೆ. ಒಬ್ಬರು ಬಚ್ಚಲಿಗೆ ಬೆಳಕು ಬರಲಿ, ಕರೆಂಟು ಉಳಿಯಲಿ ಅಂತ ಅಂದರು. ಇನ್ನೊಬ್ಬರು ಗ್ಯಾಸ್ ಸಿಡಿದರೆ ಗೋಡೆ ಬೀಳದಿರಲಿ ಅಂತ. ಮೂರನೆಯವರು ಬೆಳಕು ಬಿದ್ದರೆ ಕ್ಷಯದ ಕ್ರಿಮಿ ಸಾಯುತ್ತದೆ ಅಂತ.

ಇಂಥ ಮನೆಗೆ 'ಹ್ರುಶ್ಚೋವ್ಕಾ' ಎಂದು ಹೆಸರು. ಅದಕ್ಕಿಂತ ಮುಂಚೆ ಸೋವಿಯತ್ ನಗರಗಳಲ್ಲಿ 'ಕೊಮುನಾಲ್ಕಾ' ಇತ್ತು. ಕುಟುಂಬಕ್ಕೊಂದು ಕೋಣೆ, ಅಡುಗೆಮನೆ ಸಂಡಾಸು ಎಲ್ಲರಿಗೂ ಸೇರಿ ಒಂದೇ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷವಾದರೂ ಹಾಗೇ ಇತ್ತು. ಆಗಿನ ಸೋವಿಯತ್ ನಾಯಕ ಹ್ರುಶ್ಚೋವ್ 1955ರಲ್ಲಿ ಕಟ್ಟಡಗಳ ಕಂಬ, ಕಮಾನು, ಕೆತ್ತನೆಗೆ ದುಂದು ಮಾಡಬೇಡಿ ಅಂತ ಆದೇಶ ಹೊರಡಿಸಿದರು. 1957ರಲ್ಲಿ ಕುಟುಂಬಕ್ಕೊಂದು ಮನೆ ಅಂತ ಇನ್ನೊಂದು. ಎಂಜಿನಿಯರ್ ವಿತಾಲಿ ಲಗುತೆಂಕೊ ಮತ್ತು ಅವರ ಸಂಗಡಿಗರು ಗೋಡೆಗಳನ್ನೇ ಕಾರ್ಖಾನೆಯಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಜೋಡಿಸುವ ನಮೂನೆ ತಯಾರಿಸಿದರು. ಐದಕ್ಕಿಂತ ಹೆಚ್ಚು ಅಂತಸ್ತಿದ್ದರೆ ಲಿಫ್ಟ್ ಕಡ್ಡಾಯ, ಅದಕ್ಕೇ ಐದಕ್ಕೆ ನಿಲ್ಲಿಸಿದರು. ತಾಷ್ಕೆಂಟ್ ಭೂಕಂಪದ ಸೀಮೆಯಾದ್ದರಿಂದ ಇಲ್ಲಿ ನಾಲ್ಕರವೂ ಬೇಕಾದಷ್ಟಿವೆ. ಅಲ್ಲಿ ಇರುವವರೇ ಕೊಳೆಗೇರಿ ಎನ್ನುವ ರಷ್ಯನ್ ಶಬ್ದ ಜೋಡಿಸಿ 'ಹ್ರುಶ್ಚೋಬಾ' ಅಂತ ಹಂಗಿಸಿದರು. ಹಂಗಿಸಿದರೂ ಒಳಗೆ ಹೋಗಿ ಚಿಲಕ ಹಾಕಿಕೊಂಡು ಅತ್ತ ಸುಖ ಕೊಮುನಾಲ್ಕಾದವರಿಗೇ ಗೊತ್ತು.

ಕೊನೆಯ ಮಾತು ನನ್ನದಲ್ಲ, ಓಪಾಳದ್ದು. ಓಪಾ ಅಂದರೆ ಉಜ್ಬೇಕಿನಲ್ಲಿ ಅಕ್ಕ. ಕೆಳಗಿನ ಮಹಡಿಯವಳು, ಅರವತ್ತು ದಾಟಿದವಳು, ಬಾಯಿತುಂಬ ಚಿನ್ನದ ಹಲ್ಲು. ಪುಟ್ಟಿಯ ಅತ್ತೆ ಬಂದಿದ್ದಾಳೆ ಅಂತ ಗೊತ್ತಾದದ್ದೇ ತಡ ಚಹಾಕ್ಕೆ ಕರೆದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟಳು. ಗೋಡೆಯ ಮೇಲೆ ಕೆಂಪು ಜಮಖಾನ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಅದರಲ್ಲಿ ಯಾರೂ ಎಂದೂ ಕುಡಿಯದ ಸ್ಫಟಿಕದ ಗ್ಲಾಸುಗಳು.

ಚಹಾ ಮಾಡುವುದನ್ನು ನೋಡಿದೆ. ಕುದುರಿದ ಚಹಾವನ್ನು ಒಂದು ಪಿಯಾಲಾಕ್ಕೆ ಬಗ್ಗಿಸಿ ಮತ್ತೆ ಕೆಟಲಿಗೇ ಸುರಿದಳು. ಹೀಗೆ ಮೂರು ಸಲ. ಆಮೇಲೆ ನನಗೆ ಕೊಟ್ಟದ್ದು ಪಿಯಾಲಾದ ತಳ ಮುಚ್ಚುವಷ್ಟು ಮಾತ್ರ. ಇಷ್ಟು ಜಿಪುಣಿಯೇ ಅಂದುಕೊಂಡೆ. ಪುಟ್ಟಿ ಮೊಣಕೈಯಿಂದ ತಿವಿದಳು: "ಅತ್ತಿ, ತುಂಬಿಸಿ ಕೊಟ್ರ ಕುಡದು ಎದ್ದು ಹೋಗು ಅಂದಂಗ. ಸ್ವಲ್ಪ ಸ್ವಲ್ಪ ಹಾಕಿ ಕೊಡಾಕತ್ತಾರ ಅಂದ್ರ ಕುಂದ್ರು ಅಂತ ಅರ್ಥ." ಎಂಟು ಸಲ ಕೊಟ್ಟಳು.

ಮಾತು ಭೂಕಂಪಕ್ಕೆ ಬಂತು. 1966ರ ಏಪ್ರಿಲ್ 26, ಬೆಳಗಿನ ಜಾವ 5 ಗಂಟೆ 23 ನಿಮಿಷ. ರಿಕ್ಟರ್ ಲೆಕ್ಕದಲ್ಲಿ ಐದು ಚಿಲ್ಲರೆ, ಅಂಥ ದೊಡ್ಡದಲ್ಲ. ಆದರೆ ಕಂಪದ ಕೇಂದ್ರ ಊರಿನ ನಡುಮಧ್ಯದ ಕೆಳಗೆ, ಆಳವೂ ಕೆಲವೇ ಕಿಲೋಮೀಟರ್. ಸತ್ತವರು ಕಡಿಮೆ, ಮನೆ ಕಳೆದುಕೊಂಡವರು 3 ಲಕ್ಷ. ಹಸಿ ಇಟ್ಟಿಗೆ ಮಣ್ಣಿನ ಮನೆಗಳು, ನಿಂತಲ್ಲೇ ಕೂತವು. ಓಪಾಗೆ ಆಗ ಏಳು ವರ್ಷ. ಅಜ್ಜಿ ಎತ್ತಿ ಅಂಗಳಕ್ಕೆ ಎಸೆದದ್ದು, ಆಮೇಲೆ ಬೇಸಿಗೆಯೆಲ್ಲ ಡೇರೆಯಲ್ಲಿದ್ದದ್ದು ನೆನಪಿದೆ. "ನಮಗೆ ಮಕ್ಕಳಿಗೆ ಅದು ಹಬ್ಬ. ಶಾಲೆಯಿಲ್ಲ, ಊರತುಂಬ ಲಾರಿ." ಎಲ್ಲ ಗಣರಾಜ್ಯಗಳಿಂದಲೂ ಕಟ್ಟುವವರು ಬಂದರು. ಉಕ್ರೇನಿನವರು, ಬೆಲಾರುಸಿನವರು, ಮಾಸ್ಕೋದವರು, ಬಾಲ್ಟಿಕ್ ಕಡೆಯವರು, ಅವರವರಿಗೆ ಒಂದೊಂದು ತುಂಡು ಊರು ಹಂಚಿಕೊಟ್ಟಿದ್ದರು.

ಓಪಾಳ ಮನೆಯವರಿಗೆ ಸಿಕ್ಕಿದ್ದು ಇದೇ ಮನೆ. ಅವಳ ತಾಯಿ ಮೊದಲ ದಿನ ಒಳಗೆ ಬಂದು ನಲ್ಲಿ ತಿರುಗಿಸಿದಳು, ನೀರು ಬಂತು. ಗ್ಯಾಸ್ ಹಚ್ಚಿದಳು, ಉರಿ ಬಂತು. ದೀಪ ಹಾಕಿದಳು. ಎಲ್ಲ ನೋಡಿ ಕೊನೆಗೆ ಕೇಳಿದ್ದು ಒಂದೇ: "ತಂದೂರ ಎಲ್ಲಿ ಇಡೋದು?"

ನಾನು ಚಹಾ ಕೆಳಗಿಟ್ಟೆ. ನವನಗರದ ಹೊಸ ಮನೆಗೆ ಬಂದ ದಿನ ನಮ್ಮವ್ವ ಒರಳುಕಲ್ಲನ್ನು ಟ್ರ್ಯಾಕ್ಟರಿನಿಂದ ಇಳಿಸಿಕೊಂಡು ಬಾಗಿಲಲ್ಲಿ ನಿಂತು ಹೀಗೇ ಕೇಳಿದ್ದಳು.

ಮಾರ್ಚ್ 19, ಭಾನುವಾರ

ಸುತ್ತಾಟದ ದಿನ. ಮೆಟ್ರೊ 1977ರದ್ದು, ಮಧ್ಯ ಏಷ್ಯಾಕ್ಕೇ ಮೊದಲನೆಯದು. ಮೇಲೆ ಬೂದು ಪೆಟ್ಟಿಗೆಗಳಲ್ಲಿ ಬದುಕುವ ಜನ ಕೆಳಗೆ ಅಮೃತಶಿಲೆಯ ಕಂಬಗಳ ನಡುವೆ ರೈಲಿಗೆ ಕಾಯುತ್ತಾರೆ. 2018ರವರೆಗೆ ಒಳಗೆ ಫೋಟೊ ತೆಗೆಯುವಂತಿರಲಿಲ್ಲ. ಈಗ ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ.

ಚೋರ್ಸು ಬಜಾರಿನ ನೀಲಿ ಗುಮ್ಮಟದ ಕೆಳಗೆ ಸುಮ್ಮನೆ ಜಂಭ ಮಾಡಲು ಹೋಗಿ ಸಿಕ್ಕಿಬಿದ್ದೆ. ಪ್ಯಾಜಿಗೆ 'ಪಿಯೋಜ್' ಅಂತಾರೆ, ರೊಟ್ಟಿಗೆ 'ನಾನ್', ಮೈದಾನಕ್ಕೆ 'ಮೈದಾನ್'. ಹಳೇ ಬಾಗಲಕೋಟೆಯ ಓಣಿಯಲ್ಲಿ ಕಲಿತ ಉರ್ದು ಸಾಕು ಅನ್ನಿಸಿತು. ಧೈರ್ಯ ಮಾಡಿ "ಸಬ್ಜಿ" ಅಂದೆ. ಅಜ್ಜ ಎರಡು ಕಿಲೋ ಗಜ್ಜರಿ ತೂಗಿ ಕೊಟ್ಟ. ಇಲ್ಲಿ ಸಬ್ಜಿ ಅಂದರೆ ಗಜ್ಜರಿ ಮಾತ್ರ. ಗಜ್ಜರಿ ಹೊತ್ತುಕೊಂಡೇ ಶಾಸ್ತ್ರಿಯವರನ್ನು ನೋಡಲು ಹೋದೆವು.

ಅವರ ಹೆಸರಿನದೇ ರಸ್ತೆಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಎದೆಮಟ್ಟದ ಪ್ರತಿಮೆಯಿದೆ. ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ, 1966ರ ಜನವರಿ 11ರ ನಸುಕಿನಲ್ಲಿ, ಅವರು ಈ ಊರಲ್ಲಿ ತೀರಿಕೊಂಡರು. ಮೂರೂವರೆ ತಿಂಗಳಿಗೆ ಭೂಕಂಪ. ಅವರು ಕಡೆಗೆ ಕಂಡ ತಾಷ್ಕೆಂಟ್ ಆ ಬೇಸಿಗೆಗೆ ಉಳಿದಿರಲಿಲ್ಲ. ನನಗೆ ಅವರು ಬೇರೆ ರೀತಿಯಲ್ಲಿ ಸಂಬಂಧ. 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಹಾಕಿದವರು ಅವರೇ. ನಮ್ಮ ಓಣಿ, ನಮ್ಮ ಕಟ್ಟೆ, ನಮ್ಮ ಹಿತ್ತಲ ಬೇವಿನ ಗಿಡದ ಮೇಲೆ ಈಗ ನಿಂತಿರುವ ನೀರಿಗೆ ಲಾಲ್ ಬಹಾದುರ್ ಶಾಸ್ತ್ರಿ ಸಾಗರ ಎಂದೇ ಹೆಸರು. ಆ ನೀರಿನಿಂದ ವಿಜಯಪುರ ಜಿಲ್ಲೆಯ ಎಷ್ಟು ಹೊಲ ಹಸಿರಾಗಿವೆ ಅಂತಲೂ ಗೊತ್ತು. ಸಿಟ್ಟೂ ಅಲ್ಲ, ಭಕ್ತಿಯೂ ಅಲ್ಲ. ಪ್ರತಿಮೆಗೆ ಕೈ ಮುಗಿದೆ. ಪುಟ್ಟಿ "ಏನಂತ ಬೇಡಿಕೊಂಡಿ?" ಅಂದಳು. ಏನೂ ಇಲ್ಲ, ಸುಮ್ಮನೆ ಬಾಗಲಕೋಟೆಯವಳು ಅಂತ ಹೇಳಿಕೊಂಡೆ ಅಂದೆ.

ಸಂಜೆ ಭೂಕಂಪದ ಸ್ಮಾರಕ. ಕರಿಕಲ್ಲಿನ ಘನ, ನಡುವೆ ಸೀಳು, ಒಂದು ಮುಖದಲ್ಲಿ 5:23 ತೋರಿಸುವ ಗಡಿಯಾರ. ಮದುವೆಯಾದ ಜೋಡಿಗಳು ಸೀಳಿನ ಮೇಲೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು.

ಮಾರ್ಚ್ 20, ಸೋಮವಾರ

ಮಧ್ಯಾಹ್ನಕ್ಕೆ ಮುಂಚೆ ಪುಟ್ಟಿ ಒಂದು ಮನೆ ತೋರಿಸಲು ಕರೆದೊಯ್ದಳು. ಹೆಸರು 'ಝೆಮ್ಚುಗ್', ಅಂದರೆ ಮುತ್ತು. ಹದಿನಾರು ಅಂತಸ್ತು, 1985ರಲ್ಲಿ ಮುಗಿದದ್ದು. ಉಜ್ಬೇಕರ ಬದುಕು 'ಹೋವ್ಲಿ'ಯ ಸುತ್ತ. ಹೋವ್ಲಿ ಅಂದರೆ ಮನೆಯ ಅಂಗಳ, ನಮ್ಮ ಹವೇಲಿಗೆ ನೆಂಟ. ಆ ಅಂಗಳ ಕಳೆದುಕೊಂಡವರಿಗೆ ಅದನ್ನು ಮೇಲಕ್ಕೇ ಎತ್ತಿ ಕೊಟ್ಟರೆ ಹೇಗೆ ಅಂತ ಯೋಚಿಸಿ ಕಟ್ಟಿದ್ದು. ಮೂರು ಮೂರು ಅಂತಸ್ತಿಗೆ ಒಂದರಂತೆ ಕಟ್ಟಡದ ಹೊಟ್ಟೆಯಲ್ಲೇ ಗಾಳಿ ಬೆಳಕಿನ ಅಂಗಳ. ನಿಂತ ಮಹಲ್ಲಾ, ಅಂದರೆ ನಿಂತ ಓಣಿ. ಯೋಚನೆಗೆ ನಮಸ್ಕಾರ. ಆದರೆ ನಾವು ಹೋದಾಗ ಅಂಗಳದಲ್ಲಿ ಒಣಹಾಕಿದ ಅರಿವೆ, ಎರಡು ಸೈಕಲ್ಲು, ಒಂದು ಮುರಿದ ಸೋಫಾ. ಮನುಷ್ಯರು ಇರಲಿಲ್ಲ. ಹೊತ್ತು ತಪ್ಪಿ ಹೋಗಿದ್ದೆವೋ ಏನೋ.

ಯಾಕೆ ಹೀಗೆ ಹೇಳುತ್ತಿದ್ದೇನೆಂದರೆ, ಚಿಲಾಂಜಾರಿನ ನಮ್ಮ ಕಟ್ಟಡದ ಹಿಂದಿನ ಅಂಗಳ ಯಾರೂ ನಕ್ಷೆ ಹಾಕಿಕೊಟ್ಟದ್ದಲ್ಲ. ಕೆಳಗಿನ ಮನೆಯವರು ಬೇಲಿ ಹಾಕಿ ಜರ್ದಾಳು ಗಿಡ ನೆಟ್ಟಿದ್ದಾರೆ. ಈಗ ಬಿಳಿ ಹೂವಿನಿಂದ ತುಂಬಿಕೊಂಡಿದೆ. ಎರಡನೇ ಮಹಡಿಯವರು ಕಬ್ಬಿಣದ ಕಂಬ ನಿಲ್ಲಿಸಿ ಬಾಲ್ಕನಿಯನ್ನು ಕೋಣೆಯಾಗಿ ಬೆಳೆಸಿದ್ದಾರೆ. ಗೋಡೆಗಳ ಹೊರಗೆ ಆಳೆತ್ತರದಲ್ಲಿ ಹಳದಿ ಗ್ಯಾಸ್ ಪೈಪು ಓಡುತ್ತದೆ, ದಾರಿ ಬಂದಲ್ಲಿ ಕಮಾನಿನಂತೆ ಮೇಲೆದ್ದು ದಾಟುತ್ತದೆ. ಒಂದು ಮೂಲೆಯಲ್ಲಿ ಜಮಖಾನ ಬಡಿಯಲು ಕಬ್ಬಿಣದ ಚೌಕಟ್ಟು. ಇನ್ನೊಂದು ಮೂಲೆಯಲ್ಲಿ ದ್ರಾಕ್ಷಿ ಚಪ್ಪರ, ಅದರ ಕೆಳಗೆ 'ತಾಪ್ಚಾನ್' ಎಂಬ ಅಗಲ ಮಂಚ. ನಾಲ್ಕು ಜನ ಕಾಲು ಮಡಚಿ ಕೂತು ನಡುವೆ ಚಹಾ ಇಟ್ಟುಕೊಳ್ಳಬಹುದು. ಅದೇ ಕಟ್ಟೆ. ಗ್ಯಾರೇಜುಗಳ ಹಿಂದೆ ಒಂದು ತಂದೂರ. ಓಪಾಳ ತಾಯಿಯ ಪ್ರಶ್ನೆಗೆ ಉತ್ತರ. ಹೆಸರಿಗೆ ಎಲ್ಲರದು, ಸರದಿ ಮೇಲೆ ಸುಡುತ್ತಾರೆ.

ಕಟ್ಟಡಗಳ ಕಡೇ ಗೋಡೆಗಳನ್ನೂ ನೋಡುತ್ತ ಬಂದೆವು. ಬಣ್ಣದ ಹೆಂಚಿನ ಚೂರುಗಳಿಂದ ನಾಲ್ಕಂತಸ್ತಿನ ಉದ್ದಕ್ಕೂ ಚಿತ್ರ: ಸೂರ್ಯ, ಹತ್ತಿ, ಸುಜನಿ ಕಸೂತಿಯ ಹೂಬಳ್ಳಿ. ಝಾರ್ಸ್ಕಿ ಅಣ್ಣತಮ್ಮಂದಿರ ಕೈವಾಡ ಇದರಲ್ಲಿ ಹೆಚ್ಚು. ಇನ್ನು ಕೆಲವು ಕಟ್ಟಡಗಳ ಮುಂದೆ ಬಿಸಿಲು ತಡೆಯಲು ಕಾಂಕ್ರೀಟಿನ ಜಾಲಂಧ್ರ. ಅದಕ್ಕೆ 'ಪಂಜರಾ' ಅಂತಾರೆ, ಕೇಳಿ ನಕ್ಕೆ.

ಸಂಜೆ ಐದಕ್ಕೆ ಅಂಗಳದಲ್ಲಿ ಗದ್ದಲ. ನಾಳೆ ನವ್ರೂಜ್, ಇವತ್ತು ರಾತ್ರಿ ಸುಮಲಾಕ್. ಮೂರು ಇಟ್ಟಿಗೆಯ ಒಲೆಯ ಮೇಲೆ ನಮ್ಮ ಜಾತ್ರೆಯ ಹುಗ್ಗಿ ಕಡಾಯಿಯಷ್ಟು ದೊಡ್ಡ ಕಜಾನ್. ಗೋಧಿಯನ್ನು ಕೆಲವು ದಿನ ಮೊದಲೇ ನೆನೆಸಿ, ಓಪಾಳ ಬಾಲ್ಕನಿಯಲ್ಲಿ ಮೊಳಕೆ ಬರಿಸಿದ್ದರು. ಬೆಳ್ಳಗಿನ ಮೊಳಕೆ ಬೇರಿನೊಂದಿಗೆ ಹೆಣೆದುಕೊಂಡು ಚಾಪೆಯಂತಾಗಿತ್ತು. ಅದನ್ನು ಖೀಮಾ ಮಾಡುವ ಯಂತ್ರದಲ್ಲಿ ತಿರುವಿ, ನೀರು ಹಾಕಿ ಹಿಂಡಿ ಹಾಲು ತೆಗೆದರು. ನನಗೆ ಕೈ ತಡೆಯಲಿಲ್ಲ. ಬೇಸಿಗೆಯಲ್ಲಿ ಕುರುಡಗಿ ಸಂಡಿಗೆಗೆ ಗೋಧಿ ಹಾಲು ಹಿಂಡಿ ಬೆಳೆದವಳು ನಾನು. ಸೀರೆಯ ಸೆರಗು ಸಿಕ್ಕಿಸಿ ಕೂತು ಹಿಂಡಿದ್ದನ್ನು ನೋಡಿ ಹೆಂಗಸರು "ವೈ!" ಅಂದರು. ಆಮೇಲೆ ಪಾತ್ರೆಯನ್ನು ನನ್ನ ಮುಂದೆಯೇ ಸರಿಸಿಬಿಟ್ಟರು.

ಕಜಾನಿಗೆ ಹತ್ತಿಬೀಜದ ಎಣ್ಣೆ, ಹಿಟ್ಟು, ಗೋಧಿ ಹಾಲು. ಕೊನೆಗೆ ಓಪಾ ಒಂದು ಬೋಗುಣಿ ತುಂಬ ತೊಳೆದ ಕಲ್ಲು ತಂದಳು. ಹೊಳೆಯ ಉರುಟು ಕಲ್ಲು, ಅಡಿಕೆಯಷ್ಟು, ಲಿಂಬೆಯಷ್ಟು. ಎಲ್ಲವನ್ನೂ ಕಜಾನಿಗೆ ಸುರಿದಳು! ತಳ ಹಿಡಿಯಬಾರದು ಅಂತ. ಹುಟ್ಟು ಆಡಿಸಿದಂತೆಲ್ಲ ಕಲ್ಲುಗಳು ಉರುಳಿ ತಳವನ್ನು ಕೆರೆಯುತ್ತವೆ. ಮಕ್ಕಳ ಹಸಿವಿಗೆ ಕೊಡಲು ಏನೂ ಇಲ್ಲದ ತಾಯಿಯೊಬ್ಬಳು ಮೊಳಕೆ ಗೋಧಿಯ ಜೊತೆ ಕಲ್ಲು ಹಾಕಿ ಕುದಿಸುತ್ತ ಅವರನ್ನು ಮಲಗಿಸಿದಳು, ಬೆಳಗಾಗುವಷ್ಟರಲ್ಲಿ ದೇವದೂತರು ಅದನ್ನು ಸಿಹಿ ಮಾಡಿದ್ದರು ಎನ್ನುವ ಕಥೆಯೂ ಇದೆ.

ರಾತ್ರಿಯಿಡೀ ಕೈ ಬಿಡದೆ ತಿರುವಬೇಕು. ಸರದಿ. ಪ್ರತಿ ಮನೆಯಿಂದ ಒಬ್ಬರು ಇಳಿದು ಬಂದರು. ಒಂದನೇ ಪದ್ಯೆಜ್ದ್‌ನ ಕೊರಿಯನ್ ಅಜ್ಜಿ ಖಾರ ಹಚ್ಚಿದ ಗಜ್ಜರಿ ಕೋಸಂಬರಿ ತಂದಳು. 1937ರಲ್ಲಿ ಸ್ಟಾಲಿನ್ ದೂರಪೂರ್ವದಿಂದ ರೈಲಿನಲ್ಲಿ ತುಂಬಿ ಕಳಿಸಿದ ಜನರ ಮಗಳು. ಒಬ್ಬ ತಾತಾರ್ ಹೆಂಗಸು, ಒಬ್ಬ ರಷ್ಯನ್ ಮುದುಕಿ. ಹಿಂದೆ ಇನ್ನೂ ಇದ್ದರಂತೆ, ಯೆಹೂದ್ಯರು, ಜರ್ಮನರು, ಗ್ರೀಕರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಒಬ್ಬೊಬ್ಬರಾಗಿ ಹೊರಟರು. ನಾಲ್ಕನೇ ಮಹಡಿಯವರು ಪಿಯಾನೊ ಒಯ್ಯಲಾಗದೆ ಇಲ್ಲೇ ಬಿಟ್ಟು ಹೋದರು. ಅದು ಈಗಲೂ ಓಪಾಳ ಮನೆಯಲ್ಲಿದೆ, ಮೇಲೆ ಟಿವಿ ಇಟ್ಟಿದ್ದಾಳೆ.

ಗಂಡಸರು ಸೌದೆ ಒಡೆದು ಕೊಟ್ಟು ಒಂದು ಬದಿಗೆ ಕೂತರು. ಒಬ್ಬಾತ ನನ್ನ ಸೀರೆ ನೋಡಿ "ಇಂಡಿಯಾ? ರಾಜ್ ಕಪೂರ್!" ಅಂತ ಎದೆ ಮುಟ್ಟಿಕೊಂಡ. ಓಪಾಳ ಗಂಡ ತೀರಿಕೊಂಡು ಆರು ವರ್ಷ, ಇಲ್ಲಿನ ವಿಮಾನ ಕಾರ್ಖಾನೆಯಲ್ಲಿದ್ದವನು. ಅವರು ತಯಾರಿಸುತ್ತಿದ್ದುದು ಇಲ್ಯೂಶಿನ್ 76, ನಮ್ಮ ವಾಯುಸೇನೆಯವರು 'ಗಜರಾಜ' ಅಂತ ಕರೆಯುವ ವಿಮಾನ. ಅದನ್ನು ಹೇಳಿದ್ದಕ್ಕೆ ಅವಳು ಪುಟ್ಟಿಯಿಂದ ಎರಡು ಸಲ ಅನುವಾದ ಮಾಡಿಸಿಕೊಂಡಳು. "ಆನೆ? ನಿಜವಾಗಿ ಆನೆ ಅಂತಾರಾ?" ಅಂತ ಕೇಳಿ ಸುಮ್ಮನಾದಳು.

ಬೆಂಕಿಯ ಮುಂದೆ ಎಲ್ಲರಿಗೂ ಈ ಸಲದ ಜನವರಿಯದೇ ಮಾತು. ಮೈನಸ್ 20ರ ಹತ್ತಿರ ಇಳಿದಿತ್ತು. ಗ್ಯಾಸು ಒಲೆಯಲ್ಲಿ ಮಿಣುಕು ದೀಪ, ಕರೆಂಟು ಇಲ್ಲ. ಇಲ್ಲಿ ಮನೆ ಬೆಚ್ಚಗಾಗುವುದು ಊರಿನ ಬಿಸಿನೀರಿನ ಪೈಪಿನಿಂದ. ರೇಡಿಯೇಟರಿಗೆ ತಿರುಪೂ ಇರುವುದಿಲ್ಲ, ಬಿಸಿ ಕೊಟ್ಟಾಗ ಬಿಸಿ, ನಿಲ್ಲಿಸಿದಾಗ ತಣ್ಣಗೆ. ಪುಟ್ಟಿ ಮೂರು ಸ್ವೆಟರ್ ಮೇಲೆ ಕೋಟು ಹಾಕಿ ಮಲಗಿದ್ದಳಂತೆ. ಅಂಗಳದ ತಂದೂರದಲ್ಲಿ ಇಟ್ಟಿಗೆ ಕಾಯಿಸಿ, ಅರಿವೆಯಲ್ಲಿ ಸುತ್ತಿ, ಓಪಾ ಮೇಲಕ್ಕೆ ಕಳಿಸುತ್ತಿದ್ದಳಂತೆ. ಇದನ್ನು ಅವಳು ಫೋನಿನಲ್ಲಿ ಅಣ್ಣನಿಗಾಗಲಿ ನನಗಾಗಲಿ ಹೇಳಿರಲಿಲ್ಲ.

ನನ್ನ ಸರದಿ ನಡುರಾತ್ರಿ ಒಂದರಿಂದ ಎರಡು. ಹುಟ್ಟು ನನ್ನ ಭುಜದೆತ್ತರ. ಮೊದಲು ಗಂಜಿಯಂತಿದ್ದದ್ದು ಈಗ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಕಾಲು ತಾಸಿಗೇ ರಟ್ಟೆ ಬಿದ್ದುಹೋಯಿತು. ಕೆಳಗೆ ಕಲ್ಲುಗಳು ಗುಡುಗುಡು ಅನ್ನುವುದು ಹುಟ್ಟಿನ ಮೂಲಕ ಅಂಗೈಗೆ ತಿಳಿಯುತ್ತಿತ್ತು. ತಿರುವುವಾಗ ಏನಾದರೂ ಬೇಡಿಕೊಳ್ಳಬೇಕಂತೆ. ಪುಟ್ಟಿ ಪಾಸಾಗಲಿ ಅಂದುಕೊಂಡೆ. ಆಮೇಲೆ ಇನ್ನೂ ಹೊತ್ತು ಇತ್ತಲ್ಲ, ಬೇರೆ ಬೇರೆ ಅಂದುಕೊಂಡೆ.

ಮಾರ್ಚ್ 21, ಮಂಗಳವಾರ

ನವ್ರೂಜ್. ಬೆಳಿಗ್ಗೆ ಕಜಾನಿನ ಮುಚ್ಚಳ ತೆಗೆದರು. ಕಂದುಬಣ್ಣದ ಗಟ್ಟಿ ಪಾಯಸ, ಒಂದು ಚಮಚೆ ಸಕ್ಕರೆ ಹಾಕಿಲ್ಲ, ಆದರೂ ಸಿಹಿ. ಮೊಳಕೆ ರಾಗಿಯ ಅಂಬಲಿಯನ್ನು ಯಾರೋ ಬೆಲ್ಲದ ಪಕ್ಕದಲ್ಲಿ ಮಲಗಿಸಿ ಎಬ್ಬಿಸಿದಂತೆ. ಪ್ರತಿ ಮನೆಗೂ ಒಂದು ಬಟ್ಟಲು. ಬಟ್ಟಲಲ್ಲಿ ಕಲ್ಲು ಸಿಕ್ಕರೆ ಅದೃಷ್ಟ. ಪುಟ್ಟಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಓಪಾ ನನ್ನ ಮುಖ ನೋಡಿ ಇನ್ನೊಂದು ಬಟ್ಟಲು ಹಾಕಿಕೊಟ್ಟಳು. ಅದರಲ್ಲಿ ಎರಡಿದ್ದವು, ಬೇಕಂತಲೇ ಹಾಕಿದ್ದಳು.

ತಾಪ್ಚಾನಿನ ಮೇಲೆ ಕೂತಾಗ ನಾಲ್ಕು ಕಟ್ಟಡಗಳಾಚೆ ಕ್ರೇನು ಕಂಡಿತು. ಹೊಸದು, ಗಾಜಿನದು ಏಳುತ್ತಿದೆ. ಕೊರಿಯನ್ ಅಜ್ಜಿ ಅತ್ತ ಗಲ್ಲ ಎತ್ತಿ ತೋರಿಸಿ ಒಂದೇ ಶಬ್ದ ಅಂದಳು: "ಸ್ನೋಸ್." ಎಲ್ಲರೂ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಸ್ನೋಸ್ ಅಂದರೆ ಕೆಡವುವುದು. ಹಳೆಯದನ್ನು ಕೆಡವಿ, ಇರುವವರಿಗೆ ಬೇರೆ ಕಡೆ ಜಾಗವನ್ನೋ ಹಣವನ್ನೋ ಕೊಟ್ಟು, ಅಲ್ಲಿ ಎತ್ತರದ್ದನ್ನು ಕಟ್ಟುವುದು. ಈ ಕೆಲವು ವರ್ಷಗಳಿಂದ ಊರಿನ ನಡುವಿನ ಹಲವು ಮಹಲ್ಲಾಗಳು ಹಾಗೆ ಹೋಗಿವೆ. ಈ ಕಟ್ಟಡದ ಹೆಸರು ಪಟ್ಟಿಯಲ್ಲಿದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಪಟ್ಟಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ.

ನನಗೆ ಈ ಮಾತುಕತೆಯ ಪ್ರತಿ ಸಾಲೂ ಗೊತ್ತಿತ್ತು. ಯಾವ ಸರ್ವೆ ನಂಬರು, ಎಷ್ಟು ಮೀಟರಿನವರೆಗೆ ನೀರು, ನಮ್ಮ ಹೊಸ್ತಿಲು ಒಳಗೋ ಹೊರಗೋ, ಪರಿಹಾರದ ಪಟ್ಟಿಯಲ್ಲಿ ಅಪ್ಪನ ಹೆಸರು ಸರಿಯಾಗಿ ಬರೆದಿದ್ದಾರೋ ಇಲ್ಲವೋ. ಮನೆಗೆ ನೀರು ಬರುವ ಎಷ್ಟೋ ವರ್ಷ ಮೊದಲೇ ಜನರ ಮಾತಿನಲ್ಲಿ ನೀರು ಬಂದಿತ್ತು. ಯಾರೂ ಗೋಡೆಗೆ ಸುಣ್ಣ ಬಳಿಯುವುದನ್ನೂ ಬಿಟ್ಟಿದ್ದರು, ಹೇಗೂ ಮುಳುಗುವುದಲ್ಲ ಅಂತ. ಇಲ್ಲಿಯೂ ಪದ್ಯೆಜ್ದ್‌ನ ಎರಡು ಮೆಟ್ಟಿಲು ಒಡೆದು ಬಹಳ ದಿನವಾಗಿದೆ, ಯಾರೂ ಸಿಮೆಂಟು ಹಾಕಿಸಿಲ್ಲ.

ಪುಟ್ಟಿಯ ಮೂಲಕ ಇದನ್ನೆಲ್ಲ ಹೇಳಿದೆ. ಆ ಹುಡುಗಿಗೂ ಇದರಲ್ಲಿ ಅರ್ಧ ಹೊಸದು, ಅವಳು ಹುಟ್ಟಿದ್ದೇ ನವನಗರದಲ್ಲಿ. ಓಪಾ ಕೇಳಿದಳು, ನಿಮ್ಮ ಮಾತಿನಲ್ಲಿ ಸ್ನೋಸ್‌ಗೆ ಏನಂತಾರೆ?

"ಮುಳುಗಡೆ" ಅಂದೆ.

"ಮುಲುಗಡೆ" ಅಂದಳು. ಳಕಾರ ಅವಳ ಚಿನ್ನದ ಹಲ್ಲಿಗೆ ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಆಮೇಲೆ, ನೀರು ಕಡಿಮೆಯಾದಾಗ ನಿಮ್ಮ ಮನೆ ಕಾಣುತ್ತದೆಯೇ ಅಂತ ಕೇಳಿದಳು. ಬೇಸಿಗೆಯಲ್ಲಿ ಅಡಿಪಾಯದ ಕಲ್ಲು ಕಾಣುತ್ತವೆ, ಅವ್ವ ಒಂದೆರಡು ವರ್ಷ ಹೋಗಿ ನೋಡಿ ಬಂದಳು, ಈಗ ಹೋಗುವುದಿಲ್ಲ ಅಂದೆ. ಓಪಾ ನನ್ನ ಪಿಯಾಲಾಕ್ಕೆ ಚಹಾ ಹಾಕಿದಳು, ತಳ ಮುಚ್ಚುವಷ್ಟು.

ಮಾರ್ಚ್ 22, ಬುಧವಾರ

ಯುಗಾದಿ. ವಿಮಾನ ಸಂಜೆಗೆ. ನಾಳೆಯಿಂದ ಇಲ್ಲಿ ರಮ್ಜಾನ್ ಉಪವಾಸ, ಹಾಗಾಗಿ ತಿನ್ನಿಸುವುದಿದ್ದರೆ ಇವತ್ತೇ.

ನಮ್ಮ ಕಡೆ ಬೇವು ಅಂದರೆ ಎಲೆ ಕಡಿಯುವುದಲ್ಲ, ಕುಡಿಯುವುದು. ಚೋರ್ಸುವಿನಿಂದ ತಂದ ಒಣದ್ರಾಕ್ಷಿ, ಬದಾ‍ಮಿ, ಜರ್ದಾಳು ಹೆಚ್ಚಿದೆವು. ಪುಠಾಣಿ ಸಿಗಲಿಲ್ಲ, ಹುರಿದ ಕಡಲೆಯನ್ನು ಕುಟ್ಟಿ ಹಾಕಿದೆವು. ಬೆಲ್ಲದ ಬದಲು ಇಲ್ಲಿನ 'ನವ್ವತ್', ಅಂದರೆ ದಾರಕ್ಕೆ ಕಟ್ಟಿದ ಕಂದು ಕಲ್ಲುಸಕ್ಕರೆ. ಹುಣಸೆಹಣ್ಣಿಲ್ಲ. ಪುಟ್ಟಿ ಲಿಂಬೆ ಹಿಂಡಿದಳು. ಆರು ಚದರ ಮೀಟರಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತ ಕಲಸಿದೆವು. ಕೊನೆಗೆ ಅವ್ವನ ಪೊಟ್ಟಣ ಬಿಚ್ಚಿ ಬೇವಿನ ಹೂ ಉದುರಿಸಿದೆ. ಹಳೆಯದಾದರೂ ಕಹಿ ಹಾಗೇ ಇತ್ತು.

ಅವ್ವನಿಗೆ ವಿಡಿಯೊ ಕಾಲ್ ಮಾಡಿ ಅಂಗಳ ತೋರಿಸಿದೆ. ತಂದೂರ, ಚಪ್ಪರ, ತಾಪ್ಚಾನು. ಕನ್ನಡಕ ಏರಿಸಿಕೊಂಡು ನೋಡಿ, "ಕಟ್ಟಿ ಚಲೋ ಐತಿ, ಆದ್ರ ಬಿಸಲಿಗೆ ಮಾರಿ ಮಾಡಿ ಹಾಕ್ಯಾರ" ಅಂದಳು.

ಗ್ಲಾಸುಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ಪದ್ಯೆಜ್ದ್‌ನ ಎಲ್ಲ ಬಾಗಿಲು ತಟ್ಟಿದೆವು. ರಷ್ಯನ್ ಮುದುಕಿ ಒಂದು ಗುಟುಕು ಕುಡಿದು ಇದು ಔಷಧವೇ ಅಂದಳು. ಹೌದು ಅಂದೆ. ಕೊರಿಯನ್ ಅಜ್ಜಿಗೆ ಒಂದನೇ ಪದ್ಯೆಜ್ದ್‌ಗೇ ಹೋಗಿ ಕೊಟ್ಟೆವು. ಪೂರ್ತಿ ಕುಡಿದು ಇನ್ನೂ ಕೇಳಿದಳು. ಓಪಾಳ ಬಾಗಿಲು ಕೊನೆಯದು. ಅವಳು ನಿಂತಲ್ಲೇ ಕುಡಿದಳು. ಮೊದಲು ಸಿಹಿಗೆ ತಲೆಯಾಡಿಸಿದಳು, ಆಮೇಲೆ ಕಹಿ ಹತ್ತಿ ಮುಖ ಕಿವುಚಿ ಕಣ್ಣು ಮುಚ್ಚಿದಳು. ಕಣ್ಣು ತೆರೆದು ಒಳಗೆ ಹೋಗಿ ಚಮಚೆ ತಂದಳು. ಗ್ಲಾಸಿನ ತಳವನ್ನೆಲ್ಲ ಕೆದಕಿ, ದ್ರಾಕ್ಷಿಗಳನ್ನು ಒಂದೊಂದಾಗಿ ಸರಿಸಿ ನೋಡಿ, ಪುಟ್ಟಿಯ ಕಡೆ ತಿರುಗಿ ಏನೋ ಕೇಳಿದಳು.

"ಏನಂತ?" ಅಂದೆ.

"ಕಲ್ಲೆಲ್ಲಿ ಅಂತ ಕೇಳಾಕತ್ತಾರ ಅತ್ತಿ."